ಇಜಿಆರ್‌ಗೆ ಪ್ಲೇಟ್ ಹಾಕಿಸೋ ಮುಂಚೆ ಇಷ್ಟು ಓದಿ

ಬೀನ್ಸ್ ಕೊಯ್ಲು ಶುರುವಾದಾಗಿನಿಂದ ಮೂರು ಜನ ಫೋನ್ ಮಾಡಿ ಒಂದೇ ಮಾತು ಕೇಳಿದ್ದಾರೆ. "ಅಣ್ಣಾ, ಗಾಡಿ ಎಳೀತಿಲ್ಲ. ಇಜಿಆರ್‌ಗೆ ಪ್ಲೇಟ್ ಹಾಕ್ಸು ಅಂತವ್ನೆ ಮೆಕ್ಯಾನಿಕ್ಕು. ಹಾಕಿಸ್ಬಿಡಲಾ?" ಫೋನಲ್ಲಿ ಎರಡು ನಿಮಿಷಕ್ಕೆ ಮುಗಿಯೋ ವಿಷಯ ಅಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಮ್ಮದು 2018ರ ಡೀಸೆಲ್ ಪಿಕಪ್, ಬಿಎಸ್-4. ಯುಗಾದಿ ಆದಮೇಲೆ ಅದೂ ಹಂಗೇ ಮಾಡ್ತು. ಸ್ಟಾರ್ಟ್ ಮಾಡಿ ಬಿಟ್ಟರೆ ನಡುಗೋದು, ಆಕ್ಸಿಲರೇಟರ್ ಒತ್ತಿದರೆ ಕರೀ ಹೊಗೆ. ಒಂದು ಟನ್ ತರಕಾರಿ ಹಾಕ್ಕೊಂಡು ಮೈಸೂರು ಮಾರ್ಕೆಟ್ಟಿಗೆ ಹೊರಟರೆ ಏರಲ್ಲಿ ಉಸಿರು ಕಟ್ಟಿದಂಗೆ. ಸ್ಕ್ಯಾನರ್ ಹಾಕಿದರೆ ಇಜಿಆರ್ ವಾಲ್ವ್ ಅಂತ ತೋರಿಸ್ತು. ಹೊಸ ವಾಲ್ವಿಗೆ ಹದಿನಾಲ್ಕು ಸಾವಿರ ಹೇಳಿದರು, ಪ್ಲೇಟ್ ಹಾಕಿ ಮುಚ್ಚೋಕೆ ಆರುನೂರು. ತಮ್ಮ ಅಲ್ಲೇ ಆರುನೂರು ಎಣಿಸೋಕೆ ಶುರು ಮಾಡಿದ್ದ. ಮೊದಲು ಬಿಚ್ಚಿ ನೋಡೋಣ ಅಂದೆ.

ಇಜಿಆರ್ ಮಾಡೋ ಕೆಲಸ ಕೇಳಿದರೆ ಹುಚ್ಚುತನ ಅನ್ನಿಸುತ್ತೆ. ಸೈಲೆನ್ಸರ್ ಕಡೆಗೆ ಹೋಗಬೇಕಾದ ಹೊಗೇಲಿ ಒಂದು ಪಾಲನ್ನ ತಿರುಗಿಸಿ, ಕೂಲಂಟ್ ನೀರಲ್ಲಿ ತಣ್ಣಗೆ ಮಾಡಿ, ವಾಪಸ್ ಇಂಜಿನ್ನಿನ ಬಾಯಿಗೇ ಬಿಡುತ್ತೆ. ಕಮ್ಮಿ ಲೋಡಿನಲ್ಲಿ ಒಳಗೆ ಹೋಗೋ ಗಾಳಿಯ ಮೂರನೇ ಒಂದು ಪಾಲಿನಷ್ಟು ಹೊಗೇನೇ ಇರಬಹುದು.

ಯಾಕೆ ಅಂದರೆ, ಗಾಳೀಲಿ 78 ಭಾಗ ಸಾರಜನಕ, 21 ಭಾಗ ಆಮ್ಲಜನಕ. ಸುಮ್ಮನೆ ಇದ್ದಾಗ ಇವೆರಡೂ ಒಂದರ ತಂಟೆಗೆ ಒಂದು ಹೋಗಲ್ಲ. ಸಿಲಿಂಡರ್ ಒಳಗಿನ ಬೆಂಕಿ ಸುಮಾರು 1500 ಡಿಗ್ರಿ ದಾಟಿದ ಮೇಲೆ ಜೋರಾಗಿ ಕೂಡ್ಕೊಂಡು ನೈಟ್ರೋಜನ್ ಆಕ್ಸೈಡ್ ಆಗುತ್ತವೆ. ಸಿಡಿಲು ಹೊಡೆದಾಗ ಆಕಾಶದಲ್ಲಿ ಆಗೋದೂ ಇದೇ. ಅದು ಮಳೆ ಜೊತೆ ಇಳಿದು ಹೊಲಕ್ಕೆ ಚೂರು ಗೊಬ್ಬರ ಆಗುತ್ತೆ, ಅಷ್ಟರ ಮಟ್ಟಿಗೆ ಒಳ್ಳೇದು. ಆದರೆ ಮನುಷ್ಯನ ಶ್ವಾಸಕೋಶಕ್ಕೆ ಹೋದರೆ ಉರಿ, ಕೆಮ್ಮು. ಅಸ್ತಮಾ ಇರೋರಿಗಂತೂ ಕಷ್ಟ.

ವಾಪಸ್ ಬಿಟ್ಟ ಹೊಗೇಲಿ ಆಮ್ಲಜನಕ ಕಮ್ಮಿ; ಇಂಗಾಲದ ಡೈಆಕ್ಸೈಡು, ನೀರಾವಿ ಜಾಸ್ತಿ. ಅದು ತಾನು ಉರಿಯಲ್ಲ, ಬಿಸಿ ಮಾತ್ರ ಕುಡಿಯುತ್ತೆ. ಆಲೆಮನೇಲಿ ಒಲೆ ಭುಗಿಲೆದ್ದಾಗ ಒಣ ರಚ್ಚಿನ ಜೊತೆ ಹಸಿ ರಚ್ಚು ಸೇರಿಸಿದರೆ ಉರಿ ಮೆತ್ತಗಾಗುತ್ತಲ್ಲ, ಹಂಗೆ. ಬೆಂಕಿಯ ಬಿಸಿ ಇಳಿದರೆ ಆ ವಿಷಗಾಳಿ ಹುಟ್ಟೋದೂ ಇಳಿಯುತ್ತೆ. ಡೀಸೆಲ್ ಕಾರುಗಳಿಗೆ ಇದರ ಮಿತಿ ಬಿಎಸ್-4ರಲ್ಲಿ ಕಿಲೋಮೀಟರಿಗೆ 0.25 ಗ್ರಾಂ ಇತ್ತು, 2020ರ ಏಪ್ರಿಲ್‌ನಿಂದ ಬಂದ ಬಿಎಸ್-6ರಲ್ಲಿ 0.08.

ಇನ್ನು ಗಾಡಿ ಎಳೆಯಲ್ಲ ಅನ್ನೋ ದೂರು. ವಾಲ್ವ್ ಸರಿಯಾಗಿದ್ದರೆ ಪೂರ್ತಿ ಲೋಡ್ ಹಾಕಿ ಏರು ಹತ್ತೋವಾಗ ಅದು ಹೆಚ್ಚುಕಮ್ಮಿ ಮುಚ್ಚಿಕೊಂಡೇ ಇರುತ್ತೆ, ಇಂಜಿನ್ನಿಗೆ ಪೂರಾ ಗಾಳಿ ಸಿಗುತ್ತೆ. ಶಕ್ತಿ ತಿನ್ನೋದು ಇಜಿಆರ್ ಅಲ್ಲ, ಮಸಿ ಹಿಡಿದು ತೆರೆದೇ ನಿಂತ ಇಜಿಆರ್. ಬಿಚ್ಚಿದಾಗ ಕಂಡದ್ದು ಅದೇ. ಹೊಗೆಯ ಮಸಿ, ಇಂಜಿನ್ ಉಸಿರಿನ ಜೊತೆ ಬರೋ ಆಯಿಲ್ ಆವಿ ಎರಡೂ ಸೇರಿ ಡಾಂಬರಿನಂಗೆ ಗಟ್ಟಿಯಾಗಿತ್ತು. ಮ್ಯಾನಿಫೋಲ್ಡ್ ಪೈಪಲ್ಲಿ ಹೆಬ್ಬೆರಳು ತೂರುವಷ್ಟೇ ಜಾಗ ಉಳಿದಿತ್ತು. ನಮ್ಮ ಗಾಡಿಗಳಿಗೆ ಇದು ಬೇಗ ಹಿಡಿಯೋಕೆ ಕಾರಣನೂ ಇದೆ. ತೋಟದಿಂದ ಊರಿಗೆ ಎರಡು ಕಿಲೋಮೀಟರ್, ಇಂಜಿನ್ ಬಿಸಿಯಾಗೋದ್ರೊಳಗೆ ಆಫ್. ಮಾರ್ಕೆಟ್ ಗೇಟಲ್ಲಿ ಮುಕ್ಕಾಲು ಗಂಟೆ ಆನ್ ಇಟ್ಕೊಂಡೇ ಕ್ಯೂ.

ವಾಲ್ವ್ ಬಿಚ್ಚಿ, ಮೋಟಾರ್ ಇರೋ ಭಾಗಕ್ಕೆ ಹನಿ ತಾಗದಂಗೆ, ಕಾರ್ಬ್ ಕ್ಲೀನರ್ ಮತ್ತೆ ಬ್ರಷ್ಷಲ್ಲಿ ಅರ್ಧ ದಿನ ಉಜ್ಜಿದರು. ಹೊಸ ಗ್ಯಾಸ್ಕೆಟ್, ಕೂಲಿ ಸೇರಿ ಮೂರು ಸಾವಿರದ ಇನ್ನೂರು ಆಯ್ತು. ಗಾಡಿ ಎಳೀತಿದೆ.

ಪ್ಲೇಟಿನ ಪರವಾಗಿ ಹೇಳೋರ ಮಾತೂ ಪೂರ್ತಿ ಸುಳ್ಳಲ್ಲ. ಮುಚ್ಚಿದರೆ ಇಂಟೇಕ್ ಸ್ವಚ್ಛ ಇರುತ್ತೆ, ಕರೀ ಹೊಗೇನೂ ಕಮ್ಮಿಯಾಗುತ್ತೆ. ಎಮಿಷನ್ ಟೆಸ್ಟಲ್ಲಿ ಆರಾಮಾಗಿ ಪಾಸು, ಯಾಕಂದ್ರೆ ಡೀಸೆಲ್ ಗಾಡೀಲಿ ಅವರು ಅಳೆಯೋದು ಹೊಗೆ ಎಷ್ಟು ಕಪ್ಪು ಅನ್ನೋದನ್ನ ಮಾತ್ರ. ನೈಟ್ರೋಜನ್ ಆಕ್ಸೈಡು ಆ ಮೆಷಿನ್ನಿಗೆ ಕಾಣಲ್ಲ. ನನಗೆ ತಲೆ ಕೆಡಿಸಿದ್ದು ಇದೇ. ಸಂಜೆ ಗಾಡೀನ ರಿವರ್ಸಲ್ಲಿ ಶೆಡ್ಡೊಳಗೆ ತಗೋತೀವಿ. ಅಲ್ಲಿ ಅಮ್ಮ, ಜೊತೆಗೆ ಆರು ಜನ ಹೆಂಗಸರು ಕೂತು ಬೀನ್ಸ್ ಆರಿಸ್ತಿರ್ತಾರೆ. ಅಮ್ಮನಿಗೆ ಇನ್‌ಹೇಲರ್ ಇದೆ. ಹೊಗೆ ತೆಳ್ಳಗೆ ಕಾಣ್ತಿದೆ ಅಂತ ನಾವು ಖುಷಿಪಡೋದು, ಅವರು ಕಾಣದ್ದನ್ನ ಕುಡಿಯೋದು. ತಮ್ಮನಿಗೆ ಇದನ್ನ ಹೇಳಿದ ಮೇಲೆ ಆರುನೂರರ ಮಾತು ಎತ್ತಿಲ್ಲ, ಆದರೆ ಪೂರ್ತಿ ಒಪ್ಪಿದಂಗೂ ಇಲ್ಲ.

ಬೆಳೆಗೂ ಇದಕ್ಕೂ ನಂಟಿದೆ. 1940ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತಲ ರೈತರ ಸೊಪ್ಪು ತರಕಾರಿ ಎಲೆಗಳ ಅಡಿಭಾಗ ಬೆಳ್ಳಿ, ಕಂಚಿನ ಬಣ್ಣಕ್ಕೆ ತಿರುಗೋಕೆ ಶುರುವಾಯ್ತು. ರೋಗ ಅಲ್ಲ, ಹುಳ ಅಲ್ಲ. ಅಲ್ಲಿ ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡ್ತಿದ್ದ ಹಾಗೆನ್ ಸ್ಮಿಟ್ ಅನ್ನೋ ರಸಾಯನ ವಿಜ್ಞಾನಿ ಕಾರಣ ಬಿಡಿಸಿದರು. ಗಾಡಿಯ ಹೊಗೆಯ ನೈಟ್ರೋಜನ್ ಆಕ್ಸೈಡು, ಉರಿಯದೆ ಉಳಿದ ಇಂಧನದ ಆವಿ, ಮೇಲೆ ಬಿಸಿಲು, ಮೂರೂ ಸೇರಿದರೆ ನೆಲಮಟ್ಟದಲ್ಲಿ ಓಜೋನ್ ಹುಟ್ಟುತ್ತೆ. ಬೀನ್ಸ್, ಸೋಯಾ, ಗೋಧಿ ಇವಕ್ಕೆಲ್ಲ ಅದು ಪೆಟ್ಟು ಕೊಡುತ್ತೆ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಕಾರುಗಳಿಗೆ ಇಜಿಆರ್ ಬಂದದ್ದರ ಹಿಂದೆ ಈ ಕಥೆ ಇದೆ. ಅಂದರೆ ಮೊದಲು ಗೊತ್ತು ಮಾಡಿಕೊಟ್ಟಿದ್ದು ಸೊಪ್ಪಿನ ಮಡಿ, ಲ್ಯಾಬ್ ಅಲ್ಲ.

ನಾನು ಮಾಡ್ತಿರೋದು ಇಷ್ಟು. ಕ್ಯೂನಲ್ಲಿ ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕಾದರೆ ಆಫ್. ವಾರಕ್ಕೊಂದು ಸಲ ಹೈವೇಲಿ ಅರ್ಧ ಗಂಟೆ ಚೆನ್ನಾಗಿ ಬಿಸಿಯಾಗೋವರೆಗೂ ಓಡಿಸೋದು. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿಸೋದು. ಸರ್ವೀಸಿಗೆ ಬಿಟ್ಟಾಗ ವಾಲ್ವ್ ಬಿಚ್ಚಿ ನೋಡಿ ಅಂತ ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ಮುಟ್ಟಲ್ಲ.

ಇನ್ನೊಂದು ಮಾತು, ಕಾರ್ ಇರೋರಿಗೂ ಸೇರಿ. ಕೆಳಗೆ ಎಲ್ಲೂ ಸೋರದೇನೇ ಕೂಲಂಟ್ ಇಳೀತಿದ್ದು, ಸೈಲೆನ್ಸರಲ್ಲಿ ಬಿಳಿ ಆವಿ ಬರ್ತಿದ್ದರೆ ಇಜಿಆರ್ ಕೂಲರ್ ತೂತಾಗಿರೋ ಸಾಧ್ಯತೆ ಇದೆ. ಹೆಡ್ ಗ್ಯಾಸ್ಕೆಟ್ ಅಂತ ಇಂಜಿನ್ ಇಳಿಸೋಕೆ ಮುಂಚೆ ಅದನ್ನ ಚೆಕ್ ಮಾಡಿಸಿ. ನಮ್ಮ ಬೀದಿಯ ಒಬ್ಬರ ಕಾರು ಈಗ ಅದೇ ಅನುಮಾನದಲ್ಲಿ ನಿಂತಿದೆ, ಭಾನುವಾರ ಬಿಚ್ಚುತ್ತಾರೆ. ಫೋಟೊ ತೆಗೆದು ಹಾಕ್ತೀನಿ.