ಸೀಟಿಲ್ಲದ ಟಿಕೆಟ್ಟು

ಈ ದೇಶದ ಮೊದಲ ಪ್ರಯಾಣಿಕರ ರೈಲು ಹತ್ತಿದವರು ಟಿಕೆಟ್ಟಿಗಾಗಿ ಕ್ಯೂ ನಿಂತವರಲ್ಲ. 1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿಬಂದರಿನಿಂದ ಥಾಣೆಗೆ ಹೊರಟ ಆ ಗಾಡಿಯಲ್ಲಿ ಇದ್ದದ್ದು ಸುಮಾರು 400 ಮಂದಿ ಆಹ್ವಾನಿತರು. 14 ಡಬ್ಬಿ, ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನು, 21 ತೋಪುಗಳ ಸಲಾಮು, 34 ಕಿಲೋಮೀಟರ್ ದಾರಿ. ವೇಯ್ಟಿಂಗ್ ಲಿಸ್ಟ್ ಇಲ್ಲ, ತತ್ಕಾಲ್ ಇಲ್ಲ, ಓಟಿಪಿ ಇಲ್ಲ. ಪುಣ್ಯವಂತರು! ಸಂಜೆ ಥಾಣೆ ಸ್ಟೇಷನ್ನಿನಲ್ಲಿ ಕಲ್ಯಾಣ್ ಲೋಕಲ್ಲಿನ ಬಾಗಿಲಿಗೆ ಜೋತುಬೀಳುವಾಗಲೆಲ್ಲ ನನಗೆ ಆ ಮಹನೀಯರ ನೆನಪಾಗುತ್ತದೆ. ಹತ್ತಿದವರಿಗೆಲ್ಲ ಕೂರಲು ಜಾಗ ಸಿಕ್ಕ ಕಟ್ಟಕಡೆಯ ಥಾಣೆ ಗಾಡಿ ಅದೇ ಇರಬೇಕು.

ಅಂದಿನಿಂದ ಇಂದಿನವರೆಗೆ ಈ ಕಡೆಯವರ ಬದುಕು ಹಳಿಯ ಮೇಲೆಯೇ ನಡೆದಿದೆ. ಅದರಲ್ಲೂ ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಡಿಗರಿಗೆ ರೈಲು ಎಂದರೆ ಎರಡು ಬಗೆ. ದಿನಾ ಹೊಟ್ಟೆಪಾಡಿಗೆ ಹತ್ತುವ ಲೋಕಲ್ ಒಂದು, ವರ್ಷಕ್ಕೊಮ್ಮೆ ಊರಿಗೆ ಹೋಗುವ ರೈಲು ಇನ್ನೊಂದು. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ, ಮಕ್ಕಳಿರುವ ಊರಿನ ರೈಲು. ಕರ್ನಾಟಕ ಸಂಘದ ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಮೊದಲೆಲ್ಲ ಊರಿನ ರೈಲಿನ ಬಗ್ಗೆ ಕೇಳಿಬರುತ್ತಿದ್ದ ಪ್ರಶ್ನೆ ‘ಮತ್ಸ್ಯಗಂಧದಲ್ಲಿ ಟಿಕೆಟ್ ಸಿಕ್ಕಿತಾ?’ ಎಂಬುದು. ಈಗ ಅದೇ ದನಿಯಲ್ಲಿ, ಅದೇ ಆತಂಕದಲ್ಲಿ, ‘ಮ್ಯೂನಿಕ್‌ನಿಂದ ಝೂರಿಕ್‌ಗೆ ಸಿಕ್ಕಿತಾ?’ ಎಂದು ಕೇಳುತ್ತಾರೆ. ಮಗ ಜರ್ಮನಿಯಲ್ಲಿ, ಸೊಸೆಗೆ ರಜೆಯಿಲ್ಲ, ‘ಟಿಕೆಟ್ ನೀವೇ ಬುಕ್ ಮಾಡಿಕೊಂಡು ಸ್ವಿಟ್ಜರ್ಲೆಂಡ್ ಸುತ್ತಾಡಿ ಬನ್ನಿ’ ಎಂದು ಹೇಳಿಬಿಟ್ಟಿದ್ದಾರೆ. ಹಿರಿಯರು ಡೊಂಬಿವಲಿಯ ಮಾನಪಾಡಾ ರಸ್ತೆಯ ಫ್ಲ್ಯಾಟಿನಲ್ಲಿ ಕನ್ನಡಕ ಏರಿಸಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ.

ಆ ಆತಂಕಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಹಿಂದಿನ ತಲೆಮಾರಿನ ಕರಾವಳಿಯವರು ಮುಂಬಯಿಗೆ ಹಡಗಿನಲ್ಲಿ ಬಂದವರು. ಆಮೇಲಿನವರು ಹಗಲು ರಾತ್ರಿ ಬಸ್ಸಿನಲ್ಲಿ ಕುಲುಕಾಡಿ, ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಂದವರು. ರೋಹಾದಿಂದ ತೋಕೂರಿನವರೆಗೆ ಕೊಂಕಣ ರೈಲು ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಅದೇ ವರ್ಷ ಮಂಗಳೂರಿನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂತು. ಥಾಣೆಯಲ್ಲೂ ಪನ್ವೇಲ್‌ನಲ್ಲೂ ನಿಲ್ಲುವ ಆ ಗಾಡಿಗೆ ಮೇ ತಿಂಗಳ ಟಿಕೆಟ್ ಸಿಗುವುದೆಂದರೆ ಮನೆಗೆ ಹೆಣ್ಣು ಗೊತ್ತಾದಷ್ಟು ಸಂಭ್ರಮ. ಬೆಂಗಳೂರು ಕಡೆಯವರಿಗೆ ಕಲ್ಯಾಣ್‌ನಲ್ಲಿ ಹತ್ತುವ ಉದ್ಯಾನ್ ಎಕ್ಸ್‌ಪ್ರೆಸ್ ಇತ್ತು. ಅದಕ್ಕೂ ಬೆಳಗಿನ ಜಾವವೇ ಎದ್ದು ರಿಸರ್ವೇಶನ್ ಕಿಟಕಿಯ ಮುಂದೆ ನಿಲ್ಲಬೇಕಿತ್ತು. 2002ರ ಆಗಸ್ಟ್‌ನಲ್ಲಿ ಐಆರ್‌ಸಿಟಿಸಿ ಆನ್‌ಲೈನ್ ಟಿಕೆಟ್ ಶುರುಮಾಡಿದಾಗ ಅದು ಕೊರಿಯರಿನಲ್ಲಿ ಮನೆಗೆ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಕೊಂಡದ್ದನ್ನು ಕೊರಿಯರ್ ಹುಡುಗನಿಂದ ಸಹಿ ಹಾಕಿ ಪಡೆಯುವ ಕಾಲ ಅದು. ಈಗ ಕೊರಿಯರ್ ಇಲ್ಲ, ಕ್ಯೂ ಮಾತ್ರ ಇದೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ತತ್ಕಾಲ್‌ನಲ್ಲಿ ಎ.ಸಿ.ಗೆ ಬೆಳಿಗ್ಗೆ 10, ಸ್ಲೀಪರಿಗೆ 11 ಗಂಟೆ ಎಂದರೆ ಆ ಹೊತ್ತಿಗೆ ದೇಶದ ಮುಕ್ಕಾಲು ಪಾಲು ಬೆರಳುಗಳು ಒಂದೇ ಗುಂಡಿಯ ಮೇಲೆ ಇರುತ್ತವೆ. ಮುಂಗಡ ಬುಕಿಂಗಿನ ಅವಧಿಯೂ 2024ರ ನವೆಂಬರಿನಿಂದ 120 ದಿನಗಳಿಂದ 60ಕ್ಕೆ ಇಳಿದಿದೆ.

ಇಂಥ ಗರಡಿಯಲ್ಲಿ ಪಳಗಿದವರು ವಿದೇಶದ ರೈಲಿನ ವೆಬ್‌ಸೈಟಿಗೆ ಹೋದಾಗ ತಲೆ ಕೆಡುವುದು ಸಹಜ. ಅಲ್ಲಿ ಯುದ್ಧವೇ ಇಲ್ಲ. ಎಲ್ಲಿಂದ, ಎಲ್ಲಿಗೆ, ಯಾವ ದಿನ ಎಂದು ಬರೆದರೆ ಗಂಟೆಗೊಂದರಂತೆ ಗಾಡಿಗಳ ಪಟ್ಟಿ ಬರುತ್ತದೆ. ದುಡ್ಡು ಕೊಟ್ಟರೆ ಟಿಕೆಟ್ಟು ಇಮೇಲಿಗೆ ಬರುತ್ತದೆ. ಅದನ್ನು ಬಿಡಿಸಿ ನೋಡಿದರೆ ಚೌಕದೊಳಗೆ ಚುಕ್ಕಿಗಳ ಒಂದು ಗೂಡು, ಹೆಸರು, ದಾರಿ, ಬೆಲೆ. ಡಬ್ಬಿಯ ನಂಬರ್ ಇಲ್ಲ. ಸೀಟಿನ ನಂಬರ್ ಇಲ್ಲ. ನಮ್ಮವರ ಎದೆ ಧಸಕ್ ಎನ್ನುತ್ತದೆ. ‘ಕನ್ಫರ್ಮ್ ಆಗಿದೆಯಾ ಇಲ್ಲವಾ ಹೇಗೆ ತಿಳಿಯುವುದು? ಆರ್‌ಎಸಿ ಇರಬಹುದಾ? ಚಾರ್ಟ್ ಯಾವಾಗ ಬರುತ್ತೆ?’ ಎಂದು ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ರಾತ್ರಿ ಹತ್ತು ಗಂಟೆಗೆ ಫೋನು ಮಾಡಿದ್ದರು. ಚಾರ್ಟೇ ಇಲ್ಲ ಎಂದೆ. ಚಾರ್ಟಿಲ್ಲದ ರೈಲು ಹೊರಡುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ.

ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡುಗಳಲ್ಲಿ ಬಹುಪಾಲು ಗಾಡಿಗಳಿಗೆ ಟಿಕೆಟ್ಟೇ ಬೇರೆ, ಸೀಟೇ ಬೇರೆ. ಟಿಕೆಟ್ಟು ಹತ್ತುವ ಹಕ್ಕು. ಸೀಟು ಬೇಕಾದವರು ಕೆಲವು ಯೂರೋ ಹೆಚ್ಚು ತೆತ್ತು ಕಾದಿರಿಸಬೇಕು. ಕಾದಿರಿಸದೆ ಹತ್ತಿದವರು ಖಾಲಿ ಕಂಡಲ್ಲಿ ಕೂರಬಹುದು. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾದಂಥ ವೇಗದ ಗಾಡಿಗಳು ಬೇರೆ ಜಾತಿ, ಅವುಗಳಲ್ಲಿ ಸೀಟು ಕಡ್ಡಾಯ. ಯೂರೇಲ್ ಪಾಸ್ ಇದ್ದವರೂ ಅಲ್ಲಿ ಸೀಟಿಗೆ ಬೇರೆ ಹಣ ಕಟ್ಟಬೇಕು. ಇಷ್ಟು ತಿಳಿದರೆ ಯುರೋಪಿನ ರೈಲ್ವೆ ಅರ್ಧ ತಿಳಿದಂತೆ. ಆದರೆ ಹೆಸರು, ವಯಸ್ಸು, ಬರ್ತು ಮೂರೂ ಒಂದೇ ಚೀಟಿಯಲ್ಲಿ ಅಂಟಿಕೊಂಡಿರುವುದನ್ನು ನೋಡಿ ಬೆಳೆದವರಿಗೆ ಇದು ಸುಲಭಕ್ಕೆ ಇಳಿಯುವುದಿಲ್ಲ.

ವಿಚಿತ್ರವೆಂದರೆ, ಇದೇ ಮೇಷ್ಟ್ರು ಮೂವತ್ತು ವರ್ಷ ಡೊಂಬಿವಲಿಯಿಂದ ದಾದರ್‌ಗೆ ಸೀಟಿಲ್ಲದ ಟಿಕೆಟ್ಟಿನಲ್ಲೇ ಓಡಾಡಿದವರು. ಲೋಕಲ್ ಪಾಸಿನಲ್ಲಿ ಯಾವ ಡಬ್ಬಿ, ಯಾವ ಸೀಟು ಎಂದು ಬರೆದಿರುತ್ತದೆಯೆ? ಯಾವ ಗಾಡಿ ಎಂದೂ ಬರೆದಿರುವುದಿಲ್ಲ. ಬಂದ ಗಾಡಿ ಹತ್ತು, ಜಾಗ ಕಂಡರೆ ಕೂರು. ನಮ್ಮೊಳಗೆ ಇಬ್ಬರು ಪ್ರಯಾಣಿಕರಿದ್ದಾರೆ ಎಂದು ನನಗೆ ಅನ್ನಿಸಿದ್ದು ಆಗ. ಊರಿನ ರೈಲು ಹತ್ತುವವನು ಅಂಜುಬುರುಕ. ಪಿಎನ್ಆರ್ ನಂಬರನ್ನು ಮಂತ್ರದಂತೆ ಜಪಿಸುವವನು. ಗಾಡಿ ಬರುವ ಒಂದು ಗಂಟೆ ಮೊದಲೇ ಪ್ಲಾಟ್‌ಫಾರ್ಮಿನಲ್ಲಿ ಟ್ರಂಕು ಊರಿ ಕೂರುವವನು. ಲೋಕಲ್ ಹತ್ತುವವನು ಮಹಾ ಧೀರ. ಒಂದು ಗಾಡಿ ತಪ್ಪಿದರೆ ಇನ್ನೊಂದು ಎನ್ನುವವನು. ವಿದೇಶದ ಟಿಕೆಟ್ ಬುಕ್ ಮಾಡುವಾಗ ಎಲ್ಲರೂ ಮೊದಲನೆಯವನನ್ನು ಕೂರಿಸುತ್ತಾರೆ. ಕೂರಿಸಬೇಕಾದದ್ದು ಎರಡನೆಯವನನ್ನು.

ಒಂದು ಉದಾಹರಣೆ ಕೊಡುತ್ತೇನೆ. ಡೊಂಬಿವಲಿ ಲೋಕಲ್ಲಿನಲ್ಲಿ ನಿಂತವರು ಕೂತವರನ್ನು ಮೆಲ್ಲಗೆ ‘ಕುಠೆ ಉತರಣಾರ್?’ (ಎಲ್ಲಿ ಇಳಿಯುತ್ತೀರಿ?) ಎಂದು ಮರಾಠಿಯಲ್ಲಿ ಕೇಳುವುದು ವಾಡಿಕೆ. ಆತ ಘಾಟ್‌ಕೋಪರ್ ಎಂದರೆ ಸೀಟು ಬುಕ್ ಆಯಿತೆಂದೇ ಲೆಕ್ಕ. ಆಮೇಲೆ ಬಂದವರು ಕೇಳಿದರೆ ಆತನೇ ‘ಇವರಿಗೆ ಹೇಳಿಯಾಗಿದೆ’ ಎನ್ನುತ್ತಾನೆ. ಈ ಮಾತಿಗೆ ರಸೀತಿಯಿಲ್ಲ, ತಪ್ಪಿದವರೂ ಕಡಿಮೆ. ಜರ್ಮನಿಯ ದೂರದ ಗಾಡಿಗಳಲ್ಲಿ ಸೀಟಿನ ಬಳಿ ಒಂದು ಪುಟ್ಟ ಪಟ್ಟಿಯಲ್ಲಿ ‘ಮಾನ್‌ಹೈಮ್–ಕಲೋನ್’ ಎಂದು ಅಕ್ಷರ ಬೆಳಗುತ್ತಿರುತ್ತದೆ. ಅಂದರೆ ಆ ಎರಡು ಊರುಗಳ ನಡುವೆ ಅದು ಯಾರದೋ ಸ್ವತ್ತು, ಮಾನ್‌ಹೈಮ್ ಬರುವ ತನಕ ನೀವು ಧಾರಾಳವಾಗಿ ಕೂರಬಹುದು. ‘ಕುಠೆ ಉತರಣಾರ್’ ಎಂದು ಬಾಯಿಬಿಟ್ಟು ಕೇಳುವುದನ್ನು ಜರ್ಮನರು ದೀಪ ಹಾಕಿ ತೋರಿಸಿದ್ದಾರೆ. ಮೇಷ್ಟ್ರಿಗೆ ಇದನ್ನು ಹೇಳಿದ ಮೇಲೆಯೇ ಅವರ ರಾತ್ರಿಯ ಫೋನುಗಳು ನಿಂತದ್ದು.

ಇಟಲಿಯದು ಇನ್ನೊಂದು ಕಥೆ. ಅಲ್ಲಿ ಪ್ರಾದೇಶಿಕ ಗಾಡಿಗೆ ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರದ ಬಾಯಿಗೆ ಕೊಟ್ಟು ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ಪ್ರವಾಸದ ಪುಸ್ತಕಗಳೆಲ್ಲ ಇದನ್ನು ದೊಡ್ಡ ಅಪಾಯವೆಂಬಂತೆ ಬರೆಯುತ್ತವೆ. ನಮಗೆ ನಗು ಬರುತ್ತದೆ. ಮುಂಬಯಿ ಲೋಕಲ್ಲಿನ ಸಿವಿಎಂ ಕೂಪನ್ ಬಳಸಿದವರಿಗೆ ಇದು ಹೊಸತೆ? ಚೆಕ್ ಪುಸ್ತಕದಂಥ ಪುಟ್ಟ ಕಟ್ಟು. ಒಳಗೆ ಬಗೆಬಗೆಯ ಬೆಲೆಯ ಚೀಟಿಗಳು. ಟಿಕೆಟ್ ದರಕ್ಕೆ ಸರಿಹೊಂದುವಷ್ಟನ್ನು ಲೆಕ್ಕಹಾಕಿ, ಒಂದೊಂದನ್ನೇ ಯಂತ್ರದ ಸೀಳಿನೊಳಗೆ ತೂರಿಸಿದರೆ ‘ಟಕ್’ ಎಂದು ಸದ್ದಾಗಿ ಸ್ಟೇಷನ್ನಿನ ಹೆಸರು, ತಾರೀಖು, ಹೊತ್ತು ಬೀಳುತ್ತಿತ್ತು. ಮಸಿ ಒಣಗಿದ್ದರೆ ಅಕ್ಷರದ ನೆರಳು ಮಾತ್ರ. ಮಳೆಗಾಲದಲ್ಲಿ ಒದ್ದೆಯಾದ ಚೀಟಿ ಒಳಗೆ ಮುದುಡಿ ಕೂತರೆ ಹಿಂದಿನವರ ಬೈಗುಳ ಬೇರೆ. ಈಗ ಆ ಯಂತ್ರಗಳಿಲ್ಲ, ಫೋನಿನ ಆಪ್ ಬಂದಿದೆ. ಇಟಲಿಯಲ್ಲೂ ಫೋನಿನ ಟಿಕೆಟ್ಟಿಗೆ ಚೆಕ್-ಇನ್ ಗುಂಡಿ ಬಂದಿದೆ. ಎರಡು ದೇಶಗಳೂ ಒಟ್ಟಿಗೇ ಸುಧಾರಿಸಿದವು ಎನ್ನೋಣ.

ನಿಜವಾದ ಕಷ್ಟ ರೈಲಿನದಲ್ಲ, ಫಾರಮ್ಮಿನದು. ಮೊದಲಿಗೆ ಹೆಸರು. ಯುರೋಪಿನ ಫಾರಮ್ಮು ಹೆಸರು ಒಂದು ಮನೆಯಲ್ಲಿ, ಮನೆತನದ ಹೆಸರು ಇನ್ನೊಂದು ಮನೆಯಲ್ಲಿ ಬೇಕೆನ್ನುತ್ತದೆ. ಹಳೇ ಮೈಸೂರಿನ ಕಡೆಯವರ ಪಾಸ್‌ಪೋರ್ಟಿನಲ್ಲಿ ಎಷ್ಟೋ ಸಲ ಎರಡನೆಯ ಮನೆ ಖಾಲಿ. ಊರಿನದೊಂದು, ಅಪ್ಪನದೊಂದು ಇನಿಶಿಯಲ್ಲು ಇಟ್ಟುಕೊಂಡು ಜೀವನವೆಲ್ಲ ಸುಖವಾಗಿದ್ದವರು ಅಲ್ಲಿ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ. ಖಾಲಿ ಬಿಟ್ಟರೆ ಕೆಂಪು ಗೆರೆ. ಕೆಲವರು ಇದ್ದ ಹೆಸರನ್ನೇ ಎರಡು ಸಲ ಬರೆದು ಮುಂದೆ ಹೋಗುತ್ತಾರೆ. ಶೆಟ್ಟರು, ಪೂಜಾರಿಗಳು, ಕುಲಕರ್ಣಿಗಳಿಗೆ ಈ ತಾಪತ್ರಯವಿಲ್ಲ.

ಆಮೇಲೆ ಹಣ. ಆನ್‌ಲೈನ್ ಪಾವತಿಗೆ ಎರಡನೆಯ ಬೀಗ ಇರಬೇಕೆಂದು ರಿಸರ್ವ್ ಬ್ಯಾಂಕ್ 2009ರಿಂದಲೇ ನಮಗೆ ಅಭ್ಯಾಸ ಮಾಡಿಸಿದೆ. 2020ರ ಮಾರ್ಚಿನಿಂದ ಇನ್ನೊಂದು ನಿಯಮ: ಹೊಸದಾಗಿ ಕೊಡುವ ಕಾರ್ಡುಗಳು ಮೊದಲಿಗೆ ಸ್ವದೇಶಕ್ಕೆ ಮಾತ್ರ, ವಿದೇಶದ ವ್ಯವಹಾರ ಬೇಕಾದರೆ ಬ್ಯಾಂಕಿನ ಆಪ್‌ನಲ್ಲಿ ನಾವೇ ಬಾಗಿಲು ತೆರೆಯಬೇಕು. ಇದು ಗೊತ್ತಿಲ್ಲದೆ ‘ಅವರ ವೆಬ್‌ಸೈಟೇ ಸರಿಯಿಲ್ಲ’ ಎಂದು ಎರಡು ದಿನ ಶಪಿಸಿದವರನ್ನು ಬಲ್ಲೆ. ವಿದೇಶಿ ನಾಣ್ಯದ ಮೇಲೆ ಬ್ಯಾಂಕು ತನ್ನ ಪಾಲನ್ನೂ ಸೇರಿಸುತ್ತದೆ. ತೆರೆಯ ಮೇಲೆ ಕಂಡ ಯೂರೋವನ್ನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿಕೊಂಡವರು ತಿಂಗಳ ಕೊನೆಯ ಬಿಲ್ಲಿನಲ್ಲಿ ಇನ್ನಷ್ಟು ಕಾಣುತ್ತಾರೆ.

ದರದ ವಿಷಯದಲ್ಲಿ ಮಾತ್ರ ಯುರೋಪಿನ ರೈಲ್ವೆಯವರದು ವಿಮಾನದ ಬುದ್ಧಿ. ಬೇಗ ಕೊಂಡವರಿಗೆ ಅಗ್ಗ, ತಡವಾದಷ್ಟೂ ದುಬಾರಿ. ಅಗ್ಗದ ಟಿಕೆಟ್ಟು ಅದೇ ಗಾಡಿಗೆ ಕಟ್ಟಿಹಾಕುತ್ತದೆ. ದುಬಾರಿಯದು ಆ ದಿನದ ಬೇರೆ ಗಾಡಿಗೂ ನಡೆಯುತ್ತದೆ. ಆದರೆ ಹಳ್ಳಿ ಕಡೆಯ ಸಣ್ಣ ಗಾಡಿಗಳ ದರ ಸಾಮಾನ್ಯವಾಗಿ ಬದಲಾಗುವುದಿಲ್ಲ. ಅದಕ್ಕೂ ಮೂರು ತಿಂಗಳು ಮೊದಲೇ ಬುಕ್ ಮಾಡಿ ಕೂತವರು ಡೊಂಬಿವಲಿಯಿಂದ ಪಕ್ಕದ ಠಾಕುರ್ಲಿಗೆ ಮುಂಗಡ ಟಿಕೆಟ್ ತೆಗೆಸಿದವರ ಸಮಾನ.

ಸ್ವಿಸ್ ಟ್ರಾವೆಲ್ ಪಾಸನ್ನು ಕಂಡರೆ ಲೋಕಲ್ ಪಾಸಿನವರಿಗೆ ಬಂಧುವನ್ನು ಕಂಡ ಹಾಗೆ. 3, 4, 6, 8, 15 ದಿನಗಳ ಪಾಸು. ರೈಲು, ಬಸ್ಸು, ಸರೋವರದ ದೋಣಿ, ಎಷ್ಟೋ ಮ್ಯೂಸಿಯಂ ಎಲ್ಲ ಅದರೊಳಗೇ. ಆದರೆ ಎಲ್ಲರೂ ನೋಡಲು ಹೋಗುವ ಯುಂಗ್‌ಫ್ರೌಯೋಕ್‌ಗೆ, 3,454 ಮೀಟರ್ ಎತ್ತರದ ಆ ಸ್ಟೇಷನ್ನಿಗೆ, ಪಾಸಿನಲ್ಲಿ ಪೂರ್ತಿ ದಾರಿಯಿಲ್ಲ, ರಿಯಾಯಿತಿ ಮಾತ್ರ. ಬೆಟ್ಟ ಕೊರೆದು 1912ರಲ್ಲಿ ಹಳಿ ಮುಗಿಸಿದವರು ಸುಮ್ಮನೆ ಬಿಡುತ್ತಾರೆಯೆ? ಮೇಲೆ ಹೋದರೆ ‘ಬಾಲಿವುಡ್’ ಎಂಬ ಭಾರತೀಯ ಹೋಟೆಲು ಕಾದಿರುತ್ತದೆ. ಹಿಮದ ನಡುವೆ ಅನ್ನ-ಸಾರಿನ ಬಗೆಯದ್ದೇನೋ ಸಿಗುತ್ತದೆ ಎಂದು ತಿಳಿದ ಮೇಲೆ ನಮ್ಮ ಹೆಂಗಸರಿಗೆ ಆ ದುಡ್ಡು ದುಬಾರಿ ಎನಿಸುವುದಿಲ್ಲ.

ಹೊತ್ತಿನ ವಿಷಯಕ್ಕೆ ಬಂದರೆ, ವಿದೇಶದ ರೈಲೆಲ್ಲ ಗಡಿಯಾರದಂತೆ ಓಡುತ್ತವೆ ಎಂಬ ನಂಬಿಕೆಯನ್ನು ಬುಕಿಂಗ್ ಮಾಡುವಾಗಲೇ ಬಿಟ್ಟುಬಿಡಬೇಕು. ಜಪಾನಿನಲ್ಲಿ ನಿಜ: 2017ರ ನವೆಂಬರಿನಲ್ಲಿ ಒಂದು ಗಾಡಿ 20 ಸೆಕೆಂಡು ಮೊದಲೇ ಹೊರಟಿತೆಂದು ತ್ಸುಕುಬಾ ಎಕ್ಸ್‌ಪ್ರೆಸ್ ನಡೆಸುವ ಕಂಪನಿ ಜನರ ಕ್ಷಮೆ ಕೇಳಿತ್ತು. ನಮ್ಮಲ್ಲಿ 20 ಸೆಕೆಂಡಿನಲ್ಲಿ ಒಂದು ಡಬ್ಬಿಯ ಜನ ಇಳಿದು ಇನ್ನೊಂದು ಡಬ್ಬಿಯಷ್ಟು ಜನ ಹತ್ತಿಬಿಡುತ್ತಾರೆ. ಜರ್ಮನಿಯಲ್ಲಿ ಮಾತ್ರ 2024ರಲ್ಲಿ ದೂರದ ಗಾಡಿಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದವು ಶೇ 62.5, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಎಣಿಸದೆ. ಹಾಗೆಂದು ಅಲ್ಲಿನವರು ಬಿಡುವುದಿಲ್ಲ. ಯುರೋಪಿನ ಕಾನೂನಿನ ಪ್ರಕಾರ ಒಂದು ಗಂಟೆ ತಡವಾದರೆ ದರದ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ಭಾಗ ವಾಪಸು ಕೇಳಬಹುದು. ಮುಂಬಯಿಯ ಮಳೆಗಾಲದಲ್ಲಿ ಇದೇ ಕಾನೂನು ಇದ್ದಿದ್ದರೆ ಕಲ್ಯಾಣ್‌ನವರು ಇಷ್ಟು ಹೊತ್ತಿಗೆ ಬಂಗಲೆ ಕಟ್ಟಿಸುತ್ತಿದ್ದರು.

ಇಷ್ಟೆಲ್ಲ ದೂರದ ದೇಶಗಳ ಟಿಕೆಟ್ಟು ಡೊಂಬಿವಲಿಯಲ್ಲಿ ಕೂತು ಕೊಳ್ಳಬಹುದಾದರೂ, ನೆರೆಯ ದೇಶಕ್ಕೆ ಓಡುತ್ತಿದ್ದ ನಮ್ಮದೇ ರೈಲಿಗೆ ಹಾಗಿರಲಿಲ್ಲ. 2008ರಲ್ಲಿ ಶುರುವಾದ ಕೋಲ್ಕತ್ತಾ–ಢಾಕಾ ಮೈತ್ರಿ ಎಕ್ಸ್‌ಪ್ರೆಸ್ಸಿಗೆ ಪಾಸ್‌ಪೋರ್ಟ್, ವೀಸಾ ಹಿಡಿದು ಕೋಲ್ಕತ್ತಾದ ಕಿಟಕಿಯ ಮುಂದೆಯೇ ನಿಲ್ಲಬೇಕಿತ್ತು. 2024ರ ಜುಲೈಯಲ್ಲಿ ಆ ಗಾಡಿ ನಿಂತಿತು. ಲಾಹೋರಿನ ಕಡೆಯ ಸಂಝೌತಾ 2019ರಲ್ಲೇ ನಿಂತಿತು. ರೈಲು ಗಡಿ ದಾಟಲು ಹಳಿಯೊಂದೇ ಸಾಲದು.

ಮೊದಲ ಸಲ ಹೋಗುವವರಿಗೆ ನನ್ನದು ಇಷ್ಟೇ ಮಾತು. ದೂರದ ವೇಗದ ಗಾಡಿಗಳ ಟಿಕೆಟ್ಟನ್ನು ತಿಂಗಳುಗಳ ಮೊದಲೇ ಆಯಾ ದೇಶದ ರೈಲ್ವೆಯ ಸ್ವಂತ ಸೈಟಿನಲ್ಲೇ ಕೊಳ್ಳಿ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಗಾಡಿ ಬದಲಿಸುವ ಕಡೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ. ಸಣ್ಣ ದಾರಿಯ ಟಿಕೆಟ್ಟನ್ನು ಅಲ್ಲೇ, ಹೋದ ದಿನವೇ ತೆಗೆದುಕೊಳ್ಳಿ. ಸೀಟಿನ ನಂಬರು ಕಾಣದಿದ್ದರೆ ಯಾರಿಗೂ ರಾತ್ರಿ ಹತ್ತಕ್ಕೆ ಫೋನು ಮಾಡಬೇಡಿ. ಉಳಿದದ್ದಕ್ಕೆಲ್ಲ ಡೊಂಬಿವಲಿಯ ಅಭ್ಯಾಸ ಧಾರಾಳವಾಗಿ ಸಾಕು.