ಗೋದಲಿ ನಡೆದು ಬಂದ ದಾರಿ

ಡಿಸೆಂಬರ್ ತಿಂಗಳು ಕಾಲಿಟ್ಟೊಡನೆ ನಿಮ್ಮ ಮನೆಯಲ್ಲಿಯೂ ಹುಲ್ಲು, ಬಿದಿರು, ಬಣ್ಣದ ಕಾಗದಗಳು ಹೊರಬರುತ್ತವೆ. ಮಕ್ಕಳು ಗೋದಲಿ ಕಟ್ಟಲು ತೊಡಗುತ್ತಾರೆ. ಬಾಗಿಲಲ್ಲಿ ನಕ್ಷತ್ರ ತೂಗುತ್ತದೆ. ಇವೆಲ್ಲ ಹಿರಿಯರಿಂದ ಬಂದ ಪದ್ಧತಿಗಳೆಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಆ ಹಿರಿಯರಿಗೆ ಇವು ಎಲ್ಲಿಂದ ಬಂದವು, ಯಾವ ದಾರಿ ಹಿಡಿದು ನಮ್ಮ ಹೊಸ್ತಿಲನ್ನು ತಲುಪಿದವು ಎಂದು ಎಂದಾದರೂ ಯೋಚಿಸಿದ್ದೀರಾ?

1223ರ ಕ್ರಿಸ್ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಸಂತ ಫ್ರಾನ್ಸಿಸ್ ಅಸ್ಸೀಸಿಯವರು ಹುಲ್ಲು ತುಂಬಿದ ಗೋದಲಿಯೊಂದನ್ನು ಸಿದ್ಧಪಡಿಸಿ, ಅದರ ಬಳಿ ಎತ್ತು ಮತ್ತು ಕತ್ತೆಯನ್ನು ನಿಲ್ಲಿಸಿದರು. ಅಲ್ಲಿ ಬಲಿಪೂಜೆ ನೆರವೇರಿತು. ಅವರೇ ಶುಭಸಂದೇಶವನ್ನು ಹಾಡಿ ಜನರಿಗೆ ಪ್ರಬೋಧಿಸಿದರು. ಯೂರೋಪಿನಲ್ಲಿ ಅಂದು ಮುದ್ರಣಾಲಯವಿರಲಿಲ್ಲ. ಅವರ ಸಭೆಯ ಸಹೋದರರು ಊರಿಂದೂರಿಗೆ ನಡೆದು ಆ ರಾತ್ರಿಯ ನೆನಪನ್ನು ಹರಡಿದರು. ಪದ್ಧತಿಯು ಬೇರೂರಲು ತಲೆಮಾರುಗಳೇ ಬೇಕಾದವು.

ಕ್ರಿಸ್ಮಸ್ ಮರದ ಪಯಣ ಬೇರೆ ಬಗೆಯದು. ಜರ್ಮನ್ ನಾಡಿನ ಈ ಪದ್ಧತಿ ಇಂಗ್ಲೆಂಡಿನ ಅರಮನೆಗೆ ಮೊದಲೇ ಬಂದಿದ್ದರೂ ಸಾಮಾನ್ಯರ ಮನೆಗಳಲ್ಲಿ ಅಷ್ಟಾಗಿ ಹರಡಿರಲಿಲ್ಲ. 1848ರಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು ವಿಕ್ಟೋರಿಯಾ ರಾಣಿ, ಆಕೆಯ ಜರ್ಮನ್ ಪತಿ ಆಲ್ಬರ್ಟ್ ಹಾಗೂ ಮಕ್ಕಳು ಅಲಂಕೃತ ಮರದ ಸುತ್ತ ನಿಂತಿರುವ ಚಿತ್ರವನ್ನು ಪ್ರಕಟಿಸಿತು. ನೋಡಿದವರು ತಮ್ಮ ಮನೆಗೂ ಮರ ತರಲಾರಂಭಿಸಿದರು. 1850ರಲ್ಲಿ ಅಮೆರಿಕದ ಮಹಿಳಾ ಪತ್ರಿಕೆಯೊಂದು ಅದೇ ಚಿತ್ರವನ್ನು ಮರುಮುದ್ರಿಸುವಾಗ ರಾಣಿಯ ಕಿರೀಟವನ್ನೂ ಆಲ್ಬರ್ಟರ ಮೀಸೆಯನ್ನೂ ತೆಗೆದುಹಾಕಿತು! ರಾಜಕುಟುಂಬವು ಒಂದು ಸಾಮಾನ್ಯ ಅಮೆರಿಕನ್ ಕುಟುಂಬವಾಯಿತು. ಈ ಸಣ್ಣ ಬದಲಾವಣೆಯನ್ನು ಗಮನಿಸಿರಿ. ಚಿತ್ರವನ್ನು ದಡ ಸೇರಿಸಿದ್ದು ಹಡಗು. ಆದರೆ ಅದನ್ನು ತಮ್ಮದಾಗಿಸಿಕೊಂಡವರು ಅಲ್ಲಿಯ ಜನ.

ಹಬ್ಬದ ಕಾರ್ಡು ಹುಟ್ಟಿದ್ದು ಅಂಚೆಯ ನೆರಳಿನಲ್ಲಿ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಗೆ ಪತ್ರ ಕಳುಹಿಸುವ ವ್ಯವಸ್ಥೆ ಬಂದಿತು. 1843ರಲ್ಲಿ ಹೆನ್ರಿ ಕೋಲ್ ಎಂಬವರು ಮೊದಲ ಕ್ರಿಸ್ಮಸ್ ಕಾರ್ಡನ್ನು ಅಚ್ಚು ಹಾಕಿಸಿದರು. ಅದೇ 1843ರ ಜುಲೈ 1ರಂದು ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಕಲ್ಲಚ್ಚಿನಲ್ಲಿ ಮುದ್ರಿಸಿದ ‘ಮಂಗಳೂರ ಸಮಾಚಾರ’ ಹೊರಬಂದು, ಕನ್ನಡದ ಮೊದಲ ಪತ್ರಿಕೆಯಾಯಿತು. ಹೀಗೆ ದೂರದ ಸುದ್ದಿಗಳು ನಮ್ಮ ನುಡಿಯನ್ನೇ ಧರಿಸಿ ಮನೆಯೊಳಗೆ ಬರತೊಡಗಿದವು.

ನನ್ನ ಬಾಲ್ಯದ ಮನೆಯಲ್ಲಿ ಈ ದಾರಿಗಳೆಲ್ಲ ಸದ್ದಿಲ್ಲದೆ ಕೂಡಿಕೊಂಡಿದ್ದವು. ಅಂಚೆಯವನು ತಂದ ಕಾರ್ಡುಗಳನ್ನು ಅಪ್ಪ ದಾರಕ್ಕೆ ಪೋಣಿಸಿ ಗೋಡೆಯುದ್ದಕ್ಕೂ ಕಟ್ಟುತ್ತಿದ್ದರು. ಅಮ್ಮ ಹತ್ತು ದಿನ ಮೊದಲೇ ತೆಂಗಿನ ಚಿಪ್ಪುಗಳಲ್ಲಿ ರಾಗಿ ಬಿತ್ತುತ್ತಿದ್ದರು. ಆ ಹಸಿರು ಪೈರು ಬಾಲಯೇಸುವಿನ ಸುತ್ತ ಹೊಲವಾಗುತ್ತಿತ್ತು. ಗ್ರೆಚ್ಚೊದ ಗೋದಲಿಯಲ್ಲಿ ರಾಗಿಯ ಪೈರು ಇರಲಿಲ್ಲ. ಅದು ನಮ್ಮ ಮಣ್ಣು ಸೇರಿಸಿದ ಪಾಲು.

ಈಗ ನನ್ನ ಮಗಳು ಕೆನಡಾದಲ್ಲಿದ್ದಾಳೆ. ಎರಡು ವರ್ಷಗಳ ಹಿಂದೆ ವಿಡಿಯೋ ಕರೆಯಲ್ಲಿ ನಮ್ಮ ಗೋದಲಿಯನ್ನು ಕಂಡ ಮೊಮ್ಮಗಳು, “ಅಜ್ಜ, ಆ ಹುಲ್ಲು ನಿಜವಾದದ್ದೇ?” ಎಂದು ಕೇಳಿದಳು. ಮರುವರ್ಷ ಹೊರಗೆ ಹಿಮ ಬೀಳುತ್ತಿದ್ದಾಗ ಅವಳ ಕಿಟಕಿಯ ಬಳಿ ಪುಟ್ಟ ತಟ್ಟೆಯಲ್ಲಿ ರಾಗಿ ಮೊಳೆತಿತ್ತು. ಅವಳ ಅಜ್ಜಿ ದಿನವೂ ಫೋನಿನಲ್ಲಿ ನೀರು ಹಾಕುವ ಕ್ರಮ ಹೇಳಿಕೊಟ್ಟಿದ್ದಳು. ಆದ್ದರಿಂದ, ಹೊಸ ಸಾಧನಗಳು ನಮ್ಮ ಸಂಸ್ಕೃತಿಯನ್ನು ಹಾಳುಮಾಡಿದವೆಂದು ಯಾರಾದರೂ ಸಾರಾಸಗಟಾಗಿ ಹೇಳಿದರೆ ನಾನು ಒಪ್ಪಲಾರೆ.

ಆದರೂ ಇನ್ನೊಂದು ಮಾತನ್ನು ನಿಮ್ಮ ಮುಂದಿಡಬೇಕಾಗಿದೆ. ಕಳೆದ ಕ್ರಿಸ್ಮಸ್ಸಿನ ಮಧ್ಯಾಹ್ನ, ಪ್ರತಿವರ್ಷದಂತೆ ಕುಸ್ವಾರಿನ ತಟ್ಟೆ ಹಿಡಿದು ನಾನೂ ನನ್ನ ಮಡದಿಯೂ ನಮ್ಮ ವಾರ್ಡಿನ ವೃದ್ಧೆಯೊಬ್ಬರ ಮನೆಗೆ ಹೋದೆವು. ಕನ್ನಡಕ ಏರಿಸಿಕೊಂಡು ಆಕೆ ಫೋನಿನಲ್ಲಿ ಬಂದ ಹಾರೈಕೆಗಳನ್ನು ತೋರಿಸಿದರು: ಹೂವು, ನಕ್ಷತ್ರ, ಹಾಡುವ ದೇವದೂತರು, ಒಂದೇ ಚಿತ್ರ ಐವರಿಂದ ಬಂದಿತ್ತು. ಬಳಿಕ ಫೋನನ್ನು ಮೇಜಿನ ಮೇಲಿಟ್ಟು, “ಇಷ್ಟೊಂದು ಶುಭಾಶಯ ಬಂದಿವೆ. ಮನೆಗೆ ಬಂದವರು ಮಾತ್ರ ನೀವೇ ಮೊದಲು” ಎಂದರು. ಆ ದನಿಯಲ್ಲಿ ದೂರಿರಲಿಲ್ಲ. ಅದರಿಂದಲೇ ಅದು ನಮ್ಮನ್ನು ಹೆಚ್ಚು ತಟ್ಟಿತು.

ಪದ್ಧತಿಯನ್ನು ಕಾಲ್ನಡಿಗೆ ಒಯ್ದಿದೆ, ಅಚ್ಚು ಒಯ್ದಿದೆ, ಅಂಚೆ ಒಯ್ದಿದೆ; ಇಂದು ಕ್ಷಣಮಾತ್ರದಲ್ಲಿ ವಾಟ್ಸಾಪ್ ಒಯ್ಯುತ್ತದೆ. ಆದರೆ ಅದನ್ನು ಯಾರಾದರೂ ಕೈಯಾರೆ ಬಿತ್ತಿ, ನೀರೆರೆದು, ನೆರೆಮನೆಗೆ ಹಂಚಿದಾಗಲೇ ಅದು ಬದುಕುತ್ತದೆ. ಮೊಮ್ಮಗಳ ಕಿಟಕಿಯಲ್ಲಿ ಮೊಳೆತದ್ದು ಫೋನಿನ ಚಿತ್ರವಲ್ಲ, ಅವಳು ಬಿತ್ತಿದ ಕಾಳು. ನಾವು ಆಚರಿಸುವ ಹಬ್ಬದ ಅರ್ಥವೂ ಇದೇ ಅಲ್ಲವೇ? ಪ್ರವಾದಿಗಳ ಮೂಲಕ ಸಂದೇಶ ಕಳುಹಿಸುತ್ತಿದ್ದ ದೇವರು, ಕೊನೆಗೆ ತಾವೇ ನಮ್ಮ ನಡುವೆ ವಾಸಿಸಲು ಬಂದರು.

ಪ್ರಿಯ ಓದುಗರೇ, ಈ ಸಲವೂ ದೂರದವರಿಗೆ ಧಾರಾಳವಾಗಿ ಸಂದೇಶ ಕಳುಹಿಸಿರಿ; ಅವರು ಕಾಯುತ್ತಿರುತ್ತಾರೆ. ಆದರೆ ನಡೆದು ತಲುಪಬಹುದಾದ ಮನೆಗೆ ಮಕ್ಕಳ ಕೈಯಲ್ಲಿ ತಟ್ಟೆ ಕೊಟ್ಟು, ಅವರೊಡನೆ ನೀವೂ ಹೊರಡಿರಿ. ಅಲ್ಲಿ ಸ್ವಲ್ಪ ಹೊತ್ತು ಕುಳಿತು ಬನ್ನಿರಿ.