ಹಳದಿ ಬಣ್ಣ ಹೇಳುವುದೆಷ್ಟು?

ತುಂಬಾ ದಿನ ಆಯ್ತು ಇಲ್ಲಿ ಬರೆಯದೆ. ಆಫೀಸಿನಲ್ಲಿ ರಿಲೀಸು, ಅದೂ ಇದೂ... ಹೋಗಲಿ ಬಿಡಿ. ಇವತ್ತು ಸ್ವಲ್ಪ ಕೆಮಿಸ್ಟ್ರಿ. ಓಡಿ ಹೋಗಬೇಡಿ :)

ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ 2,4-ಡಿಎನ್‌ಪಿ ಟೆಸ್ಟ್ ನೆನಪಿರಬಹುದು. ಪ್ರನಾಳದಲ್ಲಿ ಆಲ್ಡಿಹೈಡ್ ಅಥವಾ ಕೀಟೋನ್ ಇದ್ದರೆ ಹಳದಿ-ಕಿತ್ತಳೆ ಬಣ್ಣದ ಗಸಿ ಕೂರುತ್ತೆ. ಮಾರ್ಕ್ಸ್ ಬಂದ ಮೇಲೆ ಮರೆತುಬಿಡ್ತೀವಿ. ಅದೇ ರಾಸಾಯನಿಕದಿಂದ ಮೈಯೊಳಗಿನ ಪ್ರೋಟೀನು ಎಷ್ಟು ಹಾಳಾಗಿದೆ ಅಂತಲೂ ಅಳೀತಾರೆ ಅಂತ ನನಗೆ ಗೊತ್ತಾಗಿದ್ದು ಅಮ್ಮನ ಕಣ್ಣಿನ ಪೊರೆಯ ದೆಸೆಯಿಂದ.

ಡಾಕ್ಟರು ಆಪರೇಷನ್ ಅಂದಿದ್ದರು. ಅಷ್ಟರಲ್ಲಿ ಪರಿಚಯದವರೊಬ್ಬರು ಆಂಟಿಆಕ್ಸಿಡೆಂಟ್ ಮಾತ್ರೆಯ ಡಬ್ಬಿ ತಂದುಕೊಟ್ಟರು. ಜೊತೆಗಿದ್ದ ಚೀಟಿಯಲ್ಲಿ ‘ಪ್ರೋಟೀನ್ ಕಾರ್ಬೊನಿಲ್’ ಇಳಿದಿದೆ ಅಂತ ಒಂದು ಗ್ರಾಫು. ‘ಮಾತ್ರೆಯಲ್ಲೇ ಹೋಗುತ್ತಂತೆ ಕಣೋ, ಕಣ್ಣಿಗೆ ಕತ್ತರಿ ಯಾಕೆ?’ ಅಂದರು ಅಮ್ಮ. ಸರಿ, ಆ ಗ್ರಾಫು ಏನು ಅಂತ ಓದೋಕೆ ಕೂತೆ.

ಕೆಲವು ಆಮ್ಲಜನಕದ ಕಣಗಳು ಪ್ರೋಟೀನಿನ ಲೈಸಿನ್, ಆರ್ಜಿನಿನ್, ಪ್ರೋಲಿನ್ ಭಾಗಗಳಿಗೆ ಬಡಿದಾಗ ಅಲ್ಲಿ ಕಾರ್ಬೊನಿಲ್ ಗುಂಪು ಹುಟ್ಟುತ್ತೆ. ಅದಕ್ಕೆ ಆಮ್ಲದಲ್ಲಿ ಕರಗಿಸಿದ ಡಿಎನ್‌ಪಿಎಚ್ ಅಂಟಿಕೊಂಡು ಹಳದಿಯಾಗುತ್ತೆ. ಅಂಟದೆ ಉಳಿದಿದ್ದನ್ನು ತೊಳೆದು, 370 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣ ಅಳೆದರೆ ಒಂದು ಮಿಲಿಗ್ರಾಂ ಪ್ರೋಟೀನಿಗೆ ಇಷ್ಟು ನ್ಯಾನೋಮೋಲ್ ಅಂತ ಲೆಕ್ಕ ಸಿಗುತ್ತೆ.

ಕೇಳೋಕೆ ಸುಲಭ. ಆದರೆ ನಮ್ಮ ಲಾಗ್ ಫೈಲಿನ ಹಾಗೆ ಇದರಲ್ಲೂ ಕಸ ಜಾಸ್ತಿ. ಸರಿಯಾಗಿ ತೊಳೆಯದಿದ್ದರೆ ಉಳಿದ ಡಿಎನ್‌ಪಿಎಚ್ಚೇ ಹಳದಿ ತೋರಿಸುತ್ತೆ. ಹಿಮೋಗ್ಲೋಬಿನ್ ಕೂಡ ಅದೇ ಬೆಳಕನ್ನು ಹೀರುತ್ತೆ. ಅದಕ್ಕೇ ಬರೀ ಆಮ್ಲ ಹಾಕಿದ ಇನ್ನೊಂದು ಪ್ರನಾಳ ಇಟ್ಟು ಕಳೆಯಬೇಕು. ಹಾಳಾದ ಕೊಬ್ಬಿನ ತುಣುಕು ಬಂದು ಪ್ರೋಟೀನಿಗೆ ಅಂಟಿದರೂ ಕಾರ್ಬೊನಿಲ್ಲೇ. ಅಂದರೆ ಪೆಟ್ಟು ಬಿದ್ದಿದೆ ಅಂತ ಬಣ್ಣ ಹೇಳುತ್ತೆ, ಹೊಡೆದವರು ಯಾರು ಅಂತ ಹೇಳೋಲ್ಲ.

ಅಮ್ಮನಿಗೆ ಹೇಳಬೇಕಾಗಿದ್ದು ಇನ್ನೂ ಒಂದಿತ್ತು. ಗ್ರಾಫು ರಕ್ತದ್ದು. ಕಣ್ಣಿನ ಮಸೂರದಲ್ಲಿ ರಕ್ತನಾಳವೇ ಇಲ್ಲ. ಅದರ ನಡುಭಾಗದ ಪ್ರೋಟೀನು ನಾವು ಹುಟ್ಟುವ ಮೊದಲೇ ತಯಾರಾಗಿ ಜೀವಮಾನವಿಡೀ ಬದಲಾಗದೆ ಇರುತ್ತೆ. ಅಲ್ಲಿ ಆಕ್ಸಿಡೇಷನ್ ಪೆಟ್ಟು ಕೂಡುತ್ತಾ ಹೋಗೋದು ನಿಜ. ಆದರೆ ಅಮೆರಿಕದಲ್ಲಿ 4,600ಕ್ಕೂ ಹೆಚ್ಚು ಜನರ ಮೇಲೆ ಆರು ವರ್ಷಕ್ಕೂ ಮೀರಿ ನಡೆದ ಏರೆಡ್ಸ್ ಅಧ್ಯಯನದಲ್ಲಿ ವಿಟಮಿನ್ ಸಿ, ಇ, ಬೀಟಾ ಕೆರೋಟಿನ್ ಒಟ್ಟಿಗೆ ಕೊಟ್ಟರೂ ಪೊರೆ ಬರೋದು ತಪ್ಪಲಿಲ್ಲ ಅಂತ 2001ರಲ್ಲಿ ವರದಿ ಬಂತು. ಬಂದ ಪೊರೆಗೆ ಇವತ್ತಿಗೂ ಆಪರೇಷನ್ನೇ ದಾರಿ.

ಅಮ್ಮ ಎಲ್ಲಾ ಕೇಳಿಸಿಕೊಂಡು, ‘ಕಾರ್ಬೊನಿಲ್ಲು ಗೀರ್ಬೊನಿಲ್ಲು ನಂಗೊತ್ತಿಲ್ಲ, ಸೂಜಿಗೆ ದಾರ ಪೋಣಿಸೋಕೆ ಆಗುತ್ತಾ ಹೇಳು’ ಅಂದರು. ಮುಂದಿನ ವಾರ ಆಪರೇಷನ್ನಿಗೆ ದಿನ ಗೊತ್ತಾಯ್ತು.

ಗೆಳೆಯರೇ, ನಿಮ್ಮ ಮನೆಯ ಹಿರಿಯರ ಕೈಗೂ ಇಂಥ ಡಬ್ಬಿ ಬಂದಿರಬಹುದು. ಗ್ರಾಫು ಸುಳ್ಳೇ ಆಗಿರಬೇಕು ಅಂತೇನಿಲ್ಲ. ಅದು ಏನನ್ನು ಅಳೆದಿದ್ದು, ಎಲ್ಲಿಂದ ಅಳೆದಿದ್ದು ಅಂತ ಮಾತ್ರ ಒಮ್ಮೆ ಕೇಳಿ ನೋಡಿ. ನೀವೇನಂತೀರಿ?